ಅಲ್ಲಾಡದ ಅಜ್ಜಿ

ದೀಪ ಸಣ್ಣದು ಮಾಡಿ, ಹೇಳ್ತೀನಿ. ಕಟ್ಟುಕತೆ ಅಲ್ಲ ಇದು, ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು.

ಅವನದು ಫೋಟೋ ಸ್ಟುಡಿಯೋ. ಆ ರಾತ್ರಿ ಬಾಗಿಲು ಹಾಕಿ, ಹಾಳುಬಾವಿ ಪಕ್ಕದ ದಾರಿಯಲ್ಲಿ ಮನೆಗೆ ಹೊರಟಿದ್ದ. ಕಾಲು ನಡೀತಿತ್ತು, ಮನಸ್ಸು ಮಾತ್ರ ಸಂಜೆ ಹೇಳಿದ ಸುಳ್ಳಿನ ಹತ್ತಿರವೇ ಕೂತಿತ್ತು. ನಾಚಿಕೆಯಿಂದ ಮುಖ ಸುಡ್ತಿತ್ತು.

ಆದದ್ದಿಷ್ಟು. ಒಬ್ಬ ಅಜ್ಜಿ, ಹತ್ತಿಯಂಥ ಬಿಳಿ ತಲೆ, ಜೀವಮಾನದಲ್ಲಿ ಒಂದೇ ಒಂದು ಫೋಟೋ, ಅದೂ ಇವನ ಕೈಲಿ, ತೆಗೆಸಿಕೊಂಡಿದ್ದರು. ಮನೆ ಅಂಗಳದಲ್ಲಿ, ಕುರ್ಚಿಯಲ್ಲಿ, ಉಸಿರು ಬಿಗಿಹಿಡಿದು. ಆಕಾಶ ಮಂಕಾಗಿತ್ತು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಇದೆ... ಒತ್ತಿದರೆ ಆಕಾಶ ಯಾವುದು ಅಂತ ತಾನೇ ಗುರುತಿಸಿ, ಮಂಕು ತೆಗೆದು ನೀಲಿ ಕೂರಿಸುತ್ತೆ. ನಮ್ಮವನಿಗೋ ಅವಸರ. ಒತ್ತಿದ. ನೀಲಿ ಎಲ್ಲಿವರೆಗೆ ಬಂತು ಅಂತ ನೋಡಲಿಲ್ಲ. ಮೂಲ ಫೋಟೋದ ಮೇಲೇ ಉಳಿಸಿದ, ಮೊದಲಿನದು ಅಳಿಸಿಹೋಯ್ತು. ಆ ಯಂತ್ರಕ್ಕೆ ಬಿಳಿ ಮೋಡವೂ ಒಂದೇ, ಬಿಳಿ ಕೂದಲೂ ಒಂದೇ! ಅಜ್ಜಿಯ ಹುಬ್ಬಿನಿಂದ ಮೇಲೆ ತಲೆಯೇ ಇಲ್ಲ, ಬರೀ ನೀಲಿ.

ಫೋಟೋ ಒಯ್ಯಲು ಬಂದ ಅಜ್ಜಿಯ ಮಗ ಇದೇನು ಅಂತ ಕೇಳಿದ. ಇವನ ಬಾಯಿಗೆ ಬಂದದ್ದು ಇದು: "ನಾನೇನ್ ಮಾಡ್ಲಿ ಸಾರ್, ಅಜ್ಜಿ ಅಲ್ಲಾಡ್ಬಿಟ್ರು."

ಅಜ್ಜಿ ಜೊತೆಯಲ್ಲೇ ಇದ್ದರು. ಮಗ ಅಲ್ಲೇ ರೇಗಿದ: "ಒಂದ್ ಗಳಿಗೆ ಸುಮ್ನೆ ಕೂರೋಕಾಗಲ್ವೇನಮ್ಮಾ?" ಅಜ್ಜಿ ನಮ್ಮವನ ಮುಖವನ್ನೇ ನೋಡಿದರು. ತನ್ನ ತಪ್ಪನ್ನು ಮುದುಕಿಯ ತಲೆಗೆ ಕಟ್ಟಿದ್ದ, ದೊಡ್ಡ ಮನುಷ್ಯ!

ಬಾವಿ ಹತ್ತಿರ ಬಂತು. ಕಿರ್ರ್... ರಾಟೆ ತಿರುಗಿದ ಸದ್ದು. ಹಗ್ಗವೇ ಇಲ್ಲದ ರಾಟೆ ಅದು. ಆಮೇಲೆ ಟಪ್... ಟಪ್... ನೀರು ತೊಟ್ಟಿಕ್ಕೋದು. ಕಟ್ಟೆ ಮೇಲೆ ಯಾರೋ ಕೂತಿದ್ದರು. ನೆಟ್ಟಗೆ. ಎರಡೂ ಕೈ ಮಡಿಲಲ್ಲಿ.

"ಅಜ್ಜೀ... ಈ ಹೊತ್ನಲ್ಲಿ?"

"ನೋಡಪ್ಪಾ..." ಪಿಸುದನಿ. "ಈಗ ಅಲ್ಲಾಡ್ತಿದೀನಾ?"

ಗಾಳಿ ಜೋರಾಗಿತ್ತು. ಇವನ ಅಂಗಿ ಪಟಪಟ ಬಡೀತಿತ್ತು. ಅಜ್ಜಿಯ ಬಟ್ಟೆಯ ಒಂದೆಳೆಯೂ ಮಿಸುಕಲಿಲ್ಲ. ಮೆಲ್ಲಗೆ ಕಣ್ಣೆತ್ತಿದ. ಸುತ್ತ ಕಗ್ಗತ್ತಲು... ಅವರ ಹುಬ್ಬಿನ ಮೇಲೆ ಮಾತ್ರ ಮಟಮಟ ಮಧ್ಯಾಹ್ನದ ನೀಲಿ. ಅದರೊಳಗೆ ಒಂದು ಚೂರು ಮೋಡ ಸಾಗ್ತಿತ್ತು.

"ಇಲ್ಲ ಅಜ್ಜಿ... ಅಲ್ಲಾಡ್ತಿಲ್ಲ."

"ಹಾಗಂತ ನನ್ ಮಗನಿಗೆ ಹೇಳು."

ಬಿದ್ದೆನೋ ಎದ್ದೆನೋ ಅಂತ ಓಡಿದ. ತನ್ನ ಮನೆಗಲ್ಲ, ಸೀದಾ ಆ ಮನೆಗೆ. ಒಳಗೆ ದೀಪ, ಅಳು. ಸ್ಟುಡಿಯೋದಿಂದ ಬಂದು ಕುರ್ಚಿಯಲ್ಲಿ ಕೂತ ಅಜ್ಜಿ ಕೂತ ಹಾಗೇ ಹೋಗಿದ್ದರು. ಇನ್ನೂ ಎತ್ತಿ ಮಲಗಿಸಿರಲಿಲ್ಲ. ಇವನು ಮಗನ ಕಾಲು ಹಿಡಿದ.

"ಅಜ್ಜಿ ಅಲ್ಲಾಡ್ಲಿಲ್ಲ ಸಾರ್. ತಪ್ಪು ನಂದು. ಸುಳ್ಳು ಹೇಳ್ದೆ."

ಮಗ ಹೊಡೆಯಲಿಲ್ಲ. ಹೊಡೆದಿದ್ದರೇ ಚೆನ್ನಾಗಿತ್ತು.

"ಸುಮ್ನೆ ಕೂರೋಕಾಗಲ್ವಾ ಅಂದೆ. ಅಮ್ಮನಿಗೆ ನಾನು ಕೊನೇದಾಗಿ ಅಂದಿದ್ದು ಅದೇ ಮಾತು," ಅಂದ. ಅಮ್ಮನ ಕಡೆ ತಿರುಗಿ, "ಒಂದು ಫೋಟೋ ತೆಗೆದ್ಕೊಡು. ಮುಖ ಆದ್ರೂ ಉಳೀಲಿ."

ಕ್ಯಾಮೆರಾ ಹೆಗಲಲ್ಲೇ ಇತ್ತು. ಒಂಚೂರೂ ಅಲ್ಲಾಡಬಾರದು ಅಂತ ಮೇಜಿನ ಮೇಲಿಟ್ಟು ತೆಗೆದ. ಕ್ಲಿಕ್...

ಆ ಫೋಟೋ ಈಗಲೂ ಇದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಾನೇ ಕೈಯಲ್ಲಿ ಹಿಡಿದು ನೋಡಿದೀನಿ. ಗೋಡೆ ಸ್ಪಷ್ಟ. ಕುರ್ಚಿ ಸ್ಪಷ್ಟ. ಮಡಿಲಲ್ಲಿರೋ ಬೆರಳೂ ಸ್ಪಷ್ಟ. ಮುಖ ಮಾತ್ರ, ಒಲ್ಲೆ ಅಂತ ತಲೆಯಾಡಿಸಿದ ಹಾಗೆ, ಆ ಕಡೆಯಿಂದ ಈ ಕಡೆಗೆ ಅಲ್ಲಾಡಿದೆ.