ಚಪ್ಪಾಳೆಗೆ ಸಿಕ್ಕ ನಿವೃತ್ತಿ

ಅಧ್ಯಕ್ಷರಾದ ನಂಜಯ್ಯನವರೇ, ಇಂದು ಬೀಳ್ಕೊಡುಗೆ ಪಡೆಯುತ್ತಿರುವ ನಮ್ಮ ಮ್ಯಾನೇಜರ್ ದೊರೆಸ್ವಾಮಿಯವರೇ, ಮೆಷಿನ್ ನಿಲ್ಲಿಸಿ ಬಂದಿರುವ ಹೊಲಿಗೆಗಾರರ ಸಹಕಾರ ಸಂಘದ ಸಭಿಕರೇ,

ಲೆಕ್ಕದಿಂದಲೇ ಶುರು ಮಾಡುವುದು ಸಂಘದ ಖಜಾಂಚಿಯಾದ ನನ್ನ ಚಾಳಿ. ಶಾಲು ಹದಿನೆಂಟು ರೂಪಾಯಿ, ಹಾರ ಎರಡು, ಶಾಮಿಯಾನ ಒಂಬತ್ತು, ಉಪ್ಪಿಟ್ಟು ಕಾಫಿ ಹನ್ನೊಂದು. ಒಟ್ಟು ನಲವತ್ತು. ಇಂಗ್ಲಿಷ್ ಬೋರ್ಡ್ ಬರೆಸುವ ಧೈರ್ಯ ಯಾರಿಗೂ ಬರಲಿಲ್ಲ, ಅಷ್ಟು ಉಳಿತಾಯ.

ಬ್ರಿಟಿಷರು ಹೋಗಿ ಎಂಟು ವರ್ಷವಾಯಿತು. ಮೈಸೂರಿನ ನಮ್ಮ ಆಫೀಸಿನಿಂದ ಹೋದರೇ? ಏನು ಕೇಳುವುದಿದ್ದರೂ ಇಂಗ್ಲಿಷಿನಲ್ಲೇ ಕೇಳಬೇಕೆಂಬುದು ದೊರೆಸ್ವಾಮಿಯವರ ಕಾಯಿದೆ. ತಪ್ಪು ಇಂಗ್ಲಿಷ್ ಕಿವಿಗೆ ಬಿದ್ದರೆ ಅವರಿಗೆ ಹಲ್ಲುನೋವು. ಪುಟ್ಟತಾಯಮ್ಮ ಬಾಯಿಪಾಠ ಮಾಡಿಕೊಂಡು ಬಂದು 'ಅಡ್ವಾನ್ಸ್ ಲೋನ್' ಕೇಳಿದಳು.

"ಅಡ್ವಾನ್ಸೋ ಲೋನೋ, ಒಂದು ಹೇಳಮ್ಮ."

"ಯಾವ್ದಾದ್ರೂ ಒಂದು ಕೊಟ್ಬುಡಿ ಸ್ವಾಮಿ."

ಅದು ಕನ್ನಡವಾದ್ದರಿಂದ ಸಾಲ ಸಿಗಲಿಲ್ಲ.

ನಾನು ಗುಂಡಿ ಹೊಲಿಯುತ್ತಿದ್ದ ಕಾಲದಲ್ಲಿ ಒಮ್ಮೆ ರಜೆ ಕೇಳಿದೆ. "ಸರ್, ಮೈ ಬ್ರದರ್ ಎಕ್ಸ್‌ಪೈರ್ಡ್."

"ಎಕ್ಸ್‌ಪೈರ್ ಆಗೋದು ಲೈಸೆನ್ಸು ಕಣಯ್ಯ ಕರಿಬಸವಯ್ಯ. ಮನುಷ್ಯರು ಡೈ ಆಗ್ತಾರೆ. ಎಲ್ಲಿ, ಸರಿಯಾಗಿ ಹೇಳು."

ನಾಲ್ಕನೇ ಸಲಕ್ಕೆ ಸರಿಹೋಯಿತು. ಅಷ್ಟರಲ್ಲಿ ನಂಜನಗೂಡಿನ ರೈಲು ಹೊರಟಿತ್ತು. ನಾನು ಊರು ಮುಟ್ಟುವಾಗ ಅಣ್ಣನನ್ನು ಮಣ್ಣು ಮಾಡಿ ಜನ ಕೈಕಾಲು ತೊಳೆಯುತ್ತಿದ್ದರು. ಇರಲಿ, ನಾನು ಇಂಗ್ಲಿಷ್ ಕಲಿತೆ. ಚೆನ್ನಾಗಿಯೇ ಕಲಿತೆ.

ಹೋದ ತಿಂಗಳ ಸಭೆಯಲ್ಲಿ ದೊರೆಸ್ವಾಮಿಯವರು ಅರ್ಧ ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದರು. ಎಂಥ ಇಂಗ್ಲಿಷ್! ಒಂದು ತಪ್ಪಿಲ್ಲ. ಇಂಗ್ಲಿಷ್ ಭಾಷಣ ಮುಗಿದರೆ ಚಪ್ಪಾಳೆ ತಟ್ಟುವುದು ನಮ್ಮ ಸಂಘದ ಪದ್ಧತಿ. ಮೊದಲು ತಟ್ಟಿದವನು ನಾನೇ. ಅವರು ಅದನ್ನು ಒಪ್ಪಿಗೆಯೆಂದು ತಿಳಿದು, ಕೈಮುಗಿದು ಮನೆಗೆ ಹೋದರು. ನಂಜಯ್ಯನವರು ನನ್ನ ಕಡೆ ತಿರುಗಿ, "ಪಾಪ, ವಯಸ್ಸಾಯ್ತು, ಬಿಟ್ಟೋಯ್ತೀನಿ ಅಂದ್ರಾ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಅಲ್ಲೇ ನಿವೃತ್ತಿಯ ಠರಾವಾಯಿತು. ದೊರೆಸ್ವಾಮಿಯವರು ಕೇಳಿದ್ದು ಇನ್ನೆರಡು ವರ್ಷ ಕೆಲಸದಲ್ಲಿ ಮುಂದುವರಿಸಿ ಎಂದು. ಶಾಲು ಕೊಂಡ ಮೇಲೆ ಅದು ತಿಳಿಯಿತು, ನಿಮಗೆ.

ಕನ್ನಡದಲ್ಲಿ ಒಂದು ಮಾತು ಕೇಳಿದ್ದರೆ ನೀವು ಇಲ್ಲವೆನ್ನುತ್ತಿದ್ದಿರೇ?

ಈಗ ಜಮಾ ನೋಡೋಣ. ಶಾಲು ದೊರೆಸ್ವಾಮಿಯವರಿಗೆ. ಅವರ ಕುರ್ಚಿ ಗುಮಾಸ್ತ ಸುಂದರೇಶನಿಗೆ. ಸಾಲ ಪುಟ್ಟತಾಯಮ್ಮನಿಗೆ, ಕನ್ನಡದಲ್ಲೇ. ದೊರೆಸ್ವಾಮಿಯವರೆದುರು ಇಷ್ಟು ಹೊತ್ತು ತಿದ್ದಿಸಿಕೊಳ್ಳದೆ ಮಾತಾಡಿದ ಲಾಭ ನನಗೆ. ನಮ್ಮಣ್ಣನಿಗೆ ಏನೂ ಇಲ್ಲ.

ಕೇಳಿಸಿಕೊಂಡಿರಿ, ಉಪಕಾರವಾಯಿತು. ನಮಸ್ಕಾರ.