ಇಬ್ಬರು ಪವಾರರು

ಟಿಕೋಟಾದಿಂದ ವಿಜಯಪುರಕ್ಕೆ ಹೊರಟ ಬಸ್ಸಿನಲ್ಲಿ ಸಖೂಬಾಯಿ ಪಕ್ಕದ ನರ್ಸ್ ಹುಡುಗಿ ವಿಶಾಖಾಳನ್ನು ಮಾತಿಗೆಳೆದದ್ದೇ ತಡ, ಹಿಂದಿನ ಸೀಟಿನಲ್ಲಿದ್ದ ಮುದುಕಿಯ ಮೊಮ್ಮಗ ನಂದಕಿಶೋರನ ನಿದ್ದೆ ಹಾರಿತು.

“ಅಡ್ಡಹೆಸರು ಏನವಾ?”

“ಪವಾರ್ ರೀ.”

“ಅಯ್ಯ, ನಾವೂ ಪವಾರ್! ಮೊಮ್ಮಗಗ ನಿನ್ನ ಕೇಳಬೇಕಂತಿದ್ದೆ. ಒಂದ ಹೆಸರಿನಾಗ ಲಗ್ನ ಆಗಂಗಿಲ್ಲ, ಅವಗ ತಂಗಿ ಆದಿ. ಇರ್ಲಿ, ಪಂಚಮಿಗೆ ತವರಿಗೆ ಬಂದಂಗ ಉಂಡಿ ತಿನ್ನಾಕ ಬಾ, ಸೀರಿ ಉಡಸ್ತೇನಿ.”

“ನೀವು ಮರಾಠರೇನ್ರಿ, ಆಯಿ? ಪವಾರ್ ಲಂಬಾಣಿ ತಾಂಡಾದಾಗೂ ಅದಾರ. ನಾವು ದೀಕ್ಷಾ ತಗೊಂಡ ಬೌದ್ಧರು. ನಿಮ್ಮ ಪವಾರ್ ಬ್ಯಾರೆ, ನಮ್ಮ ಪವಾರ್ ಬ್ಯಾರೆ. ತಂಗಿ ಅಲ್ಲ ನಾ, ಈಗ ಧೈರ್ಯದಿಂದ ಕೇಳ್ರಿ.”

ಮುದುಕಿ ಮೊಮ್ಮಗನತ್ತ ಒಮ್ಮೆ ತಿರುಗಿ ನೋಡಿ, ಬಸ್ ಸ್ಟ್ಯಾಂಡ್ ಬರುತ್ತಲೇ ಚೀಲ ಎತ್ತಿಕೊಂಡಳು.

“ತಂಗೀನ ಇರವಾ. ಪಂಚಮಿಗೆ ಬಾ.”

ವಿಶಾಖಾ ನಗುತ್ತ ಎದ್ದಳು.

“ಬರ್ತೇನ್ರಿ. ಸೀರಿ ಮಾತ್ರ ನಮ್ಮ ಝಂಡಾದಂಗ ನೀಲೀದ ಇರ್ಲಿ.”