ತೂತಿನ ಚೆಂಡು ಮತ್ತು ಕರಿಯಣ್ಣನ ಕಿಟಕಿ ಗಾಜು

ಹೆಸರು: ರಾಮಾಂಜನೇಯ ಬಿನ್ ಲೇಟ್ ರಂಗಯ್ಯ, 61 ವರ್ಷ, ವ್ಯವಸಾಯ, ವಾಸ: ತಾಳ್ಯ ಗ್ರಾಮ, ಹೊಳಲ್ಕೆರೆ ತಾಲ್ಲೂಕು.

ಹೆಡ್ ಕಾನ್‌ಸ್ಟೇಬಲ್ ನಾಗರಾಜ್ ರವರು ವಿಚಾರಿಸಿದ್ದಕ್ಕೆ ನಾನು ತಿಳಿಯಪಡಿಸುವುದೇನೆಂದರೆ, ನಾನು ಬೆಂಗಳೂರಿನ ಗಾಲ್ಫ್ ಮೈದಾನವೊಂದರಲ್ಲಿ 31 ವರ್ಷ ಆಟಗಾರರ ಬ್ಯಾಗು ಹೊರುವ ಕೆಲಸ ಮಾಡಿ, ಎರಡು ವರ್ಷದ ಹಿಂದೆ ಊರಿಗೆ ಬಂದಿರುತ್ತೇನೆ. ಬರುವಾಗ ಒಬ್ಬ ಆಟಗಾರರು ತಮ್ಮ ಹಳೆಯ ಸ್ಟಿಕ್ಕು ಕೊಟ್ಟಿರುತ್ತಾರೆ. ಬರುವ ಮಾರ್ಚ್ 2ರಂದು ಅದೇ ಮೈದಾನದಲ್ಲಿ ನಿವೃತ್ತ ಕೆಲಸಗಾರರಿಗೆ ಪಂದ್ಯ ಇದ್ದು, ನಾನು ಮೊದಲ ಬಾರಿ ಹೆಸರು ಕೊಟ್ಟಿದ್ದೇನೆ.

ಅದಕ್ಕಾಗಿ ದಿನಾ ಬೆಳಿಗ್ಗೆ 6.30ರಿಂದ 7.15ರವರೆಗೆ ಹಿತ್ತಿಲಲ್ಲಿ ತೂತುತೂತಿನ ಪ್ಲಾಸ್ಟಿಕ್ ಚೆಂಡು ಹೊಡೆಯುತ್ತೇನೆ. ಒಟ್ಟು ಹನ್ನೆರಡು ಚೆಂಡು. ಒಂದೊಂದು ಬೆಂಕಿಪೊಟ್ಟಣದಷ್ಟೂ ತೂಕವಿಲ್ಲ. ಎಷ್ಟು ಜೋರಾಗಿ ಹೊಡೆದರೂ ಮೂವತ್ತು ಗಜದಾಚೆ ಹೋಗುವುದಿಲ್ಲ, ಆದರೆ ಕೈ ತಪ್ಪಿದರೆ ಎಡಕ್ಕೋ ಬಲಕ್ಕೋ ತಿರುಗಿ ತಪ್ಪನ್ನು ತೋರಿಸಿಬಿಡುತ್ತದೆ. ಹೊಡೆಯುವಾಗ ತಲೆ ಎತ್ತಬೇಡಿ ಎಂದು 31 ವರ್ಷ ಬೇರೆಯವರಿಗೆ ಹೇಳಿದ ನಾನೇ ತಲೆ ಎತ್ತುತ್ತೇನೆಂಬುದು ಈ ಚೆಂಡಿನಿಂದ ಗೊತ್ತಾಯಿತು.

ದಿನಾಂಕ 12-02-2025ರಂದು ಬೆಳಿಗ್ಗೆ 7.10ಕ್ಕೆ ಪಕ್ಕದ ಮನೆಯ ಕುರಿ ಸಾಕಣೆದಾರ ಕರಿಯಣ್ಣನ ಹೊಸ ಕಿಟಕಿಯ ಕಪ್ಪು ಗಾಜು ಒಡೆದ ಸದ್ದಾಯಿತು. ಕರಿಯಣ್ಣ ಅಲ್ಲಿ ಬಿದ್ದಿದ್ದ ನನ್ನ ಚೆಂಡು ಹಿಡಿದು ಬಂದು, “ವಯಸ್ಸಾದಂಗೆಲ್ಲಾ ಹುಡುಗಾಟ ಜಾಸ್ತಿ ಆತೇನ್ಲೇ?” ಎಂದ. ಈ ಚೆಂಡಿಗೆ ಗಾಜು ಒಡೆಯುವುದಿಲ್ಲ ಎಂದರೂ ಕೇಳಲಿಲ್ಲ. ನಾವಿಬ್ಬರೂ ಒಂದನೇ ಕ್ಲಾಸಿನಿಂದ ಸ್ನೇಹಿತರು. ಗಾಜು ಒಡೆದ ದಿನದಿಂದ ಮಾತಿರಲಿಲ್ಲ. ನನ್ನ ಹೆಂಡತಿ ಓಬಮ್ಮ ಸ್ಟಿಕ್ಕನ್ನು ರಾಗಿ ಚೀಲಗಳ ಹಿಂದೆ ಬಚ್ಚಿಟ್ಟಳು. 15ರಂದು ಕರಿಯಣ್ಣ ಅಂಥದ್ದೇ ಹೊಸ ಗಾಜು ಹಾಕಿಸಿ, ಠಾಣೆಗೆ ದೂರು ಕೊಟ್ಟ.

17ರಂದು ಬೆಳಿಗ್ಗೆ 8.00ಕ್ಕೆ ನಾಗರಾಜ್ ರವರು ಬಂದು, ಹೊಡೆದು ತೋರಿಸಲು ಹೇಳಿದರು. ಐದು ದಿನ ಸ್ಟಿಕ್ಕು ಮುಟ್ಟಿರಲಿಲ್ಲ. ಓಬಮ್ಮ ಅದನ್ನು ಚೀಲಗಳ ಹಿಂದಿನಿಂದ ತೆಗೆದು ಕೊಟ್ಟಳು. ಕರಿಯಣ್ಣ ತಾನೇ ಹದಿನೈದು ಅಡಿ ದೂರದಲ್ಲಿ ನಿಂತು, “ನನ್ನ ಎದಿಗೇ ಹೊಡಿ, ನೋಡಾಣ” ಎಂದು ಕಣ್ಣು ಮುಚ್ಚಿಕೊಂಡ. ಮೊದಲನೆಯದು ತಪ್ಪಿತು. ಎರಡನೆಯದು ಅವನ ಹೊಟ್ಟೆಗೆ ತಾಗಿ ಕಾಲ ಬಳಿ ಬಿತ್ತು. ಅವನು ಕಣ್ಣು ಬಿಡದೆ, ಇನ್ನೂ ಎಷ್ಟೊತ್ತು ಕಾಯಿಸುತ್ತೀಯಾ ಎಂದು ಕೇಳಿದ. ಓಬಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾಗರಾಜ್ ರವರೂ ನಕ್ಕರು.

ಅಷ್ಟರಲ್ಲಿ ಕರಿಯಣ್ಣನ ಮನೆ ಕಡೆ ಧಡ್ ಎಂದಿತು. ನಾಲ್ವರೂ ನೋಡಿದೆವು. ಅವನ ಟಗರು ಗಾಜಿನಲ್ಲಿ ತನ್ನ ಪ್ರತಿಬಿಂಬವನ್ನೇ ಬೇರೆ ಟಗರೆಂದು ತಿಳಿದು, ಹತ್ತು ಅಡಿ ಹಿಂದೆ ಸರಿದು, ಓಡಿ ಬಂದು ಮತ್ತೆ ಗುದ್ದಿತು. ಹೊಸ ಗಾಜೂ ಪುಡಿಯಾಯಿತು. ಕರಿಯಣ್ಣ ಹೋಗಿ ಟಗರನ್ನು ಕಟ್ಟಿಹಾಕಿ ಬಂದ. ಆಮೇಲೆ ನನ್ನ ಕಡೆ ನೋಡದೆ, “ಓಬಮ್ಮ, ಟೀ ಐತೇನಮ್ಮ?” ಎಂದು ಕೇಳಿದ.

ದೂರನ್ನು ಹಿಂಪಡೆಯುವುದಾಗಿ ಅವನು ತಿಳಿಸಿರುತ್ತಾನೆ. ಅದೇ ಸಂಜೆ 5.30ಕ್ಕೆ ಬಂದು, ತಾನೂ ಒಂದು ಹೊಡೆಯುವುದಾಗಿ ಸ್ಟಿಕ್ಕು ತೆಗೆದುಕೊಂಡ. ತಲೆ ಎತ್ತಲಿಲ್ಲ. ಚೆಂಡು ನೇರ ಹೋಗಿ, ನಾನು ಆಗಷ್ಟೇ ಹೊಡೆದಿದ್ದ ಚೆಂಡಿಗಿಂತ ಎಂಟು ಅಡಿ ಮುಂದೆ ಬಿತ್ತು. ಹೆಂಗೈತೆ ಎಂದು ಕೇಳಿದ್ದಕ್ಕೆ, ಗಾಳಿ ಎಳ್ಕಂಡು ಹೋತು ಎಂದು ಹೇಳಿದೆ. ಆ ಹೊತ್ತಿನಲ್ಲಿ ಗಾಳಿ ಇರಲಿಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ತಾಳ್ಯ
ದಿನಾಂಕ: 18-02-2025
ಸಹಿ: ರಾಮಾಂಜನೇಯ